ಕೇರಿಯ ನಾಲ್ಕು ಕಂಪ್ಯೂಟರ್, ಊರೊಳಗಿನ ಒಂದು ಪಾಸ್‌ವರ್ಡ್



ನೆಟ್ ಇಲ್ಲದೆಯೂ ವೈಫೈ ಇರುತ್ತೆ ಅಂದ್ರೆ ನಮ್ಮ ಕಡೆ ಈಗಲೂ ನಗ್ತಾರೆ. ನೀರಿಲ್ಲದ ನಲ್ಲಿ ಇಟ್ಕೊಂಡು ಏನ್ ಮಾಡ್ತೀಯಪ್ಪ ಅಂತಾರೆ. ಆದ್ರೆ ವೈಫೈ ಬೇರೆ, ಇಂಟರ್ನೆಟ್ ಬೇರೆ. ಇಂಟರ್ನೆಟ್ ದೂರದಿಂದ ಕೇಬಲ್ಲಿನಲ್ಲೋ ಟವರಿನಲ್ಲೋ ಬರಬೇಕು, ಅದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ವೈಫೈ ಅಂದ್ರೆ ನಿಮ್ಮ ಲ್ಯಾಪ್‌ಟಾಪಿನ ಒಳಗೇ ಕೂತಿರುವ ಒಂದು ಪುಟ್ಟ ರೇಡಿಯೊ. ಅದು ಮಾತಾಡೋಕೆ ಎದುರಿಗೆ ಇನ್ನೊಂದು ರೇಡಿಯೊ ಇದ್ರೆ ಸಾಕು. 2021ರಲ್ಲಿ ವೈ.ಎನ್.ಹೊಸಕೋಟೆಯ ನಮ್ಮ ಕೇರಿಯಲ್ಲಿ ನಾಲ್ಕು ಮನೆಯ ಕಂಪ್ಯೂಟರುಗಳನ್ನ ಹಂಗೇ ಒಂದಕ್ಕೊಂದು ನೇರವಾಗಿ ಮಾತಾಡಿಸಿದ್ವಿ. ಹೇಗೆ ಮಾಡಿದ್ರಿ, ಯಾಕೆ ಮಾಡಿದ್ರಿ ಅಂತ ಬೇರೆ ಬೇರೆ ಊರಿನವರು ಕೇಳ್ತಾನೇ ಇದ್ದಾರೆ. ಒಂದೇ ಸಲ ಬರೆದು ಬಿಡ್ತೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು ಯಾಕೆ ಅನ್ನೋದು.

ನಮ್ಮ ಪಾವಗಡ ತಾಲ್ಲೂಕನ್ನ ಮ್ಯಾಪಲ್ಲಿ ನೋಡಿದ್ರೆ ಆಂಧ್ರದ ಒಳಗೆ ಮುಖ ತೂರಿಸಿಕೊಂಡು ನಿಂತಂಗಿದೆ. ಜಿಲ್ಲೆ ತುಮಕೂರು, ಬಾಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಫೋನು ಕೂಡ ಹಂಗೇ, ಒಂದು ಗಳಿಗೆ ಇಲ್ಲಿನ ಟವರ್ ಹಿಡಿದ್ರೆ ಇನ್ನೊಂದು ಗಳಿಗೆ ಆಂಧ್ರದ್ದು. ಹೊಸಕೋಟೆ ಅಂದ್ರೆ ರೇಷ್ಮೆ ಸೀರೆ, ಮಗ್ಗ. ಮಗ್ಗದ ಮೇಲೆ ತೂಗುಹಾಕುವ ತೂತಿನ ರಟ್ಟುಗಳನ್ನ ನೋಡಿದ್ದೀರಲ್ಲ, ಜಕಾರ್ಡ್‌ದು? ಶುರುವಿನ ಕಂಪ್ಯೂಟರುಗಳಿಗೂ ಅಂಥದೇ ತೂತಿನ ರಟ್ಟಿನಲ್ಲಿ ಕೆಲಸ ಹೇಳ್ತಿದ್ರು. ಆ ಲೆಕ್ಕದಲ್ಲಿ ನಮ್ಮೂರಿಗೆ ಕಂಪ್ಯೂಟರ್ ಹೊಸದೇನಲ್ಲ. ಕೇರಿಗೆ ಹೊಸದು, ಅಷ್ಟೇ.

ಕೇಬಲ್ ಇಂಟರ್ನೆಟ್ ಮೇನ್ ರೋಡಿಗೆ ಬಂತು, ಅಲ್ಲಿಂದ ಊರೊಳಗಿನ ಬೀದಿಗಳಿಗೂ ಹೋಯ್ತು. ನಮ್ಮ ಕೇರಿಯ ತಿರುವಿಗೆ ಬಂದು ನಿಂತುಬಿಡ್ತು. ಹೋಗಿ ಕೇಳಿದ್ರೆ, “ಆ ಕಡೆ ಕಂಬ ಇಲ್ಲ. ಹತ್ತು ಕನೆಕ್ಷನ್ ಆಗಂಗಿದ್ರೆ ನೋಡಣ” ಅಂದ್ರು. ಹತ್ತು ಮನೆಯವರು ಒಟ್ಟಿಗೆ ತಿಂಗಳಿಗೆ ಐನೂರು ರೂಪಾಯಿ ಎತ್ತಿಡೋ ಕಾಲವಾ ಅದು? 2021ರ ಏಪ್ರಿಲ್ ಕೊನೆ. ಲಾಕ್‌ಡೌನ್ ಆಗಿ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದವರೆಲ್ಲ ಬ್ಯಾಗು ಹೊತ್ಕೊಂಡು ವಾಪಸ್ ಬಂದಿದ್ರು.

ನನ್ನ ಅಣ್ಣನ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಮನೆಗೆಲ್ಲ ಇದ್ದದ್ದು ಒಂದೇ ಟಚ್ ಫೋನು, ಅದು ಅಣ್ಣನ ಜೇಬಲ್ಲಿ. ಪರೀಕ್ಷೆ ಮುಂದಕ್ಕೆ ಹೋಗಿ ಕೊನೆಗೆ ಜುಲೈ 19 ಮತ್ತು 22, ಎರಡೇ ದಿನ, ಟಿಕ್ ಹಾಕೋ ಪ್ರಶ್ನೆಗಳು ಅಂತ ಆಯ್ತು. ಹೊಸ ಮಾದರಿ. ಮಾದರಿ ಪ್ರಶ್ನೆಪತ್ರಿಕೆ, ವಿಡಿಯೊ ಪಾಠ ಎಲ್ಲ ನೆಟ್ಟಲ್ಲೇ. ಇವಳು, ಇವಳ ಇಬ್ಬರು ಗೆಳತಿಯರು ಊರೊಳಗಿನ ಒಂದು ಮನೆಯ ಜಗುಲಿ ಮೇಲೆ ಹೋಗಿ ಕೂರೋಕೆ ಶುರು ಮಾಡಿದ್ರು. ಆ ಮನೆ ಹುಡುಗ ಇವರ ಕ್ಲಾಸೇ. ಪಾಸ್‌ವರ್ಡ್ ಕೊಟ್ಟಿದ್ದ, ಒಳ್ಳೆ ಹುಡುಗ. ನಾಲ್ಕು ದಿನ ನಡೀತು. ಐದನೇ ದಿನ ಪಾಸ್‌ವರ್ಡ್ ಬದಲಾಗಿತ್ತು. “ದಿನಾ ಬಂದು ಇಲ್ಲೇ ಕೂತ್ರೆ ಹೆಂಗಮ್ಮ, ಕೊರೊನಾ ಕಾಲ, ಮನೇಲಿ ವಯಸ್ಸಾದೋರಿದಾರೆ” ಅಂತ ಒಳಗಿನಿಂದ ಹೇಳಿ ಕಳ್ಸಿದ್ರಂತೆ. ಕೊರೊನಾ ಕಾಲ ನಿಜಾನೇ. ಆದ್ರೆ ಅವತ್ತು ಸಂಜೆ ಅದೇ ಜಗುಲಿ ಮೇಲೆ ಬೇರೆ ಬೀದಿಯ ಮೂರು ಹುಡುಗರು ಕೂತಿದ್ದನ್ನ ನಾನೇ ನೋಡಿದೆ.

ನಮ್ಮಮ್ಮ ಒಲೆ ಮುಂದೆ ಕೂತ್ಕೊಂಡೇ ಅಂದ್ಳು, “ನಮ್ ಕಾಲದಾಗೆ ಬಾವಿ ಹಗ್ಗ ಮುಟ್ಟಂಗಿರ್ಲಿಲ್ಲ. ಯಾರಾನ ಬಂದು ಮೇಲಿಂದ ಉಯ್ಯೋಗಂಟ ಬಿಂದಿಗೆ ಇಟ್ಕಂಡು ಕೂತಿರ್ಬೇಕು. ಈಗ ಇದೇನೋ ಪಾಸ್‌ವಾಡಂತೆ.”

ಬಾಬಾಸಾಹೇಬರು ಸತಾರಾದಲ್ಲಿ ಶಾಲೆಗೆ ಹೋಗ್ತಿದ್ದಾಗಿನ ಕತೆ ನಿಮಗೆಲ್ಲ ಗೊತ್ತು. ನಲ್ಲಿ ಅಲ್ಲೇ ಇತ್ತು, ನೀರೂ ಇತ್ತು. ಆದ್ರೆ ಜವಾನ ಬಂದು ತಿರುಗಿಸಬೇಕು. ಅವನು ರಜಾ ಹಾಕಿದ್ರೆ ಆ ಹುಡುಗನಿಗೆ ಆ ದಿನವೆಲ್ಲ ಬಾಯಾರಿಕೆಯೇ. ನನ್ನ ಚಿಕ್ಕಮ್ಮನ ಮಗ, ಬೆಂಗಳೂರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡೀಲಿ ಕೆಲಸ ಮಾಡೋನು, ಲಾಕ್‌ಡೌನ್‌ಗೆ ಊರಿಗೆ ಬಂದಿದ್ದ. ನಾನು ಈ ಮಾತು ಹೇಳಿದ್ದಕ್ಕೆ ಅವನು, “ಅಣ್ಣ, ರೂಟರ್ ಅಂದ್ರೂ ಹಂಗೇ” ಅಂದ. ಮನೇಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟು ಒಂದರಿಂದ ಒಂದಕ್ಕೆ ಫೈಲ್ ಕಳಿಸಿ. ಅದು ನೇರ ಹೋಗಲ್ಲ. ಮೊದಲು ರೂಟರ್ ಹತ್ರ ಹೋಗಿ, ಅಲ್ಲಿಂದ ಪಕ್ಕದ್ದಕ್ಕೆ ಬರುತ್ತೆ. ಒಂದು ಗೇಣು ದೂರಕ್ಕೂ ನಡುವೆ ಒಬ್ಬ ಬೇಕು. ಅವನು ಒಪ್ಪದಿದ್ರೆ ಎರಡೂ ಮೂಕ.

ಇದಕ್ಕೆ ಬದಲಿ ದಾರಿ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ವೈಫೈ ನಿಯಮಗಳನ್ನ 1997ರಲ್ಲಿ ಮೊದಲ ಸಲ ಬರೆದಾಗಲೇ ಈ ಎರಡನೇ ದಾರಿಯನ್ನೂ ಬರೆದಿದ್ರು. ಜನ ಅದನ್ನ ಆಡ್ ಹಾಕ್ ಅಂತಾರೆ. ನಿಯಮದ ಪುಸ್ತಕದಲ್ಲಿ ಅದರ ಹೆಸರಿನ ಮೊದಲ ಪದವೇ ‘ಇಂಡಿಪೆಂಡೆಂಟ್’, ಅಂದ್ರೆ ಸ್ವತಂತ್ರ. ಇದರಲ್ಲಿ ಯಜಮಾನ ಯಂತ್ರ ಅಂತ ಇಲ್ಲ. ಮಾಮೂಲಿ ವೈಫೈನಲ್ಲಿ “ನಾನು ಇಲ್ಲಿದ್ದೀನಿ” ಅಂತ ಸೆಕೆಂಡಿಗೆ ಹತ್ತು ಸಲ ಕೂಗೋದು ರೂಟರ್ ಒಂದೇ. ಇಲ್ಲಿ ಆ ಕೂಗೋ ಕೆಲಸವನ್ನ ಇರೋ ಯಂತ್ರಗಳೇ ಹಂಚ್ಕೊಳ್ತವೆ, ಒಂದ್ಸಲ ಇದು, ಒಂದ್ಸಲ ಅದು. ಶುರು ಮಾಡಿದ ಯಂತ್ರವನ್ನ ಆಫ್ ಮಾಡಿದ್ರೂ ಮಿಕ್ಕವು ಮಾತಾಡ್ತಾ ಇರ್ತವೆ. ಅವನು ಇದನ್ನ ವಿವರಿಸ್ತಿದ್ದಾಗ ನನಗೆ ಒಳ್ಳೆ ಸಂಘಟನೆ ಹೆಂಗಿರಬೇಕು ಅಂತ ಯಾರೋ ಪಾಠ ಮಾಡ್ದಂಗಾಯ್ತು.

ಈಗ ಹೇಗೆ ಮಾಡಿದ್ವಿ ಅಂತ. ಮಾಡೋರು ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಕೇರಿಯಲ್ಲಿ ಇದ್ದ ಯಂತ್ರಗಳು: ಕರಪತ್ರ ಟೈಪ್ ಮಾಡೋಕೆ ಅಂತ ನಾನು ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದ ಡೆಸ್ಕ್‌ಟಾಪ್, ತಮ್ಮನ ಲ್ಯಾಪ್‌ಟಾಪ್, ಪಕ್ಕದ ಮನೆ ಹುಡುಗಿಗೆ ಡಿಗ್ರಿ ಕಾಲೇಜಲ್ಲಿ ಸರ್ಕಾರ ಕೊಟ್ಟಿದ್ದ ಲ್ಯಾಪ್‌ಟಾಪ್, ಆಮೇಲೆ ರಸ್ತೆ ಆಚೆ ಒಬ್ಬ ಅಣ್ಣ ಮುಚ್ಚಿಹೋದ ಸೈಬರ್ ಸೆಂಟರಿನಿಂದ ಮಕ್ಕಳಿಗೆ ಅಂತ ತಂದಿಟ್ಟಿದ್ದ ಕಂಪ್ಯೂಟರ್. ಡೆಸ್ಕ್‌ಟಾಪುಗಳಲ್ಲಿ ವೈಫೈ ಇರಲ್ಲ. ಹಿಂದೆ ಎಸ್.ಪಿ. ರೋಡಲ್ಲಿ ತಗೊಂಡಿದ್ದ, ಪೆನ್‌ಡ್ರೈವ್ ಥರದ ಯುಎಸ್‌ಬಿ ವೈಫೈ ಅಡಾಪ್ಟರ್ ಎರಡು ತಮ್ಮನ ಬ್ಯಾಗಲ್ಲೇ ಇದ್ವು. ಎಲ್ಲ ಅಡಾಪ್ಟರೂ ಆಡ್ ಹಾಕ್‌ಗೆ ಒಗ್ಗಲ್ಲ. ಹಳೇ ಅಥೆರಾಸ್ ಚಿಪ್ ಇರೋದು ಒಗ್ಗುತ್ತೆ ಅಂತ ಅವನ ಅನುಭವ.

ವಿಂಡೋಸ್ 7ರಲ್ಲಿ ಆಡ್ ಹಾಕ್ ನೆಟ್‌ವರ್ಕ್ ಅನ್ನೋ ಆಯ್ಕೆ ಕಣ್ಣೆದುರಿಗೇ ಇತ್ತು. ವಿಂಡೋಸ್ 8ರಿಂದ ಅದನ್ನ ಮೆನುವಿನಿಂದಲೇ ತೆಗೆದುಬಿಟ್ರು. ಯಂತ್ರಕ್ಕೆ ಬರೋ ವಿದ್ಯೆಯನ್ನ ಕಂಪನಿಯವರು ಬಚ್ಚಿಡೋದು ಅಂದ್ರೆ ಇದೇ. ಅದಕ್ಕೆ ನಾವು ಲಿನಕ್ಸ್ ಹಾಕಿದ್ವಿ, ಅದು ಪುಕ್ಕಟೆ. ಪಕ್ಕದ ಮನೆ ಹುಡುಗಿ ಹೆದರಿದ್ಲು, “ಸರ್ಕಾರದ್ದಣ್ಣ, ಏನಾನ ಆದ್ರೆ?” ಅಂತ. ಅವಳ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲೇ ಇಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿದ್ವಿ. ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದ್ರೆ ಅವಳ ವಿಂಡೋಸ್ ಇದ್ದಂಗೇ ಇತ್ತು.

ಮೂರು ವಿಷಯ ಎಲ್ಲ ಯಂತ್ರದಲ್ಲೂ ಒಂದೇ ಇರಬೇಕು. ನೆಟ್‌ವರ್ಕಿನ ಹೆಸರು, ಆಡ್ ಹಾಕ್ ಅನ್ನೋ ವಿಧಾನ, ಚಾನೆಲ್ ನಂಬರು. ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್ ಇವೆ, ಆದ್ರೆ ಒಂದರ ಮೇಲೊಂದು ಬೀಳದಂತೆ ಸಿಗೋದು 1, 6, 11. ಊರೊಳಗಿನ ರೂಟರುಗಳು ಹೆಚ್ಚಾಗಿ 6ರಲ್ಲಿದ್ವು, ನಾವು 11 ತಗೊಂಡ್ವಿ. ಬೇರೆ ಬೇರೆ ಇರಬೇಕಾದ್ದು ಒಂದೇ, ವಿಳಾಸ. ಮಾಮೂಲಿಯಾಗಿ ವಿಳಾಸ ಹಂಚೋದೂ ರೂಟರೇ. ಅದಿಲ್ಲ ಅಂದ್ಮೇಲೆ ನಾವೇ ಕೊಟ್ಕೋಬೇಕು. ಮೊದಲ ಯಂತ್ರಕ್ಕೆ 192.168.10.1, ಎರಡನೇದಕ್ಕೆ 192.168.10.2, ಹಿಂಗೆ. ಸಬ್‌ನೆಟ್ ಮಾಸ್ಕ್ ಎಲ್ಲದಕ್ಕೂ 255.255.255.0. ಗೇಟ್‌ವೇ ಅಂತ ಕೇಳೋ ಜಾಗ ಖಾಲಿ ಬಿಡಿ. ಗೇಟ್‌ವೇ ಅಂದ್ರೆ ಊರಾಚೆಗೆ ಹೋಗೋ ಬಾಗಿಲು, ನಾವು ಆಚೆ ಹೋಗ್ತಿಲ್ಲ. ಆಮೇಲೆ ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿ ನೋಡಿ. ವಿಂಡೋಸ್ ಇರೋ ಯಂತ್ರ ಉತ್ತರ ಕೊಡದಿದ್ರೆ ಹೆಚ್ಚಾಗಿ ಅದರ ಫೈರ್‌ವಾಲ್ ಬಾಯಿ ಕಟ್ಟಿರುತ್ತೆ, ನೆಟ್‌ವರ್ಕನ್ನ ಪಬ್ಲಿಕ್ ಬದಲು ಪ್ರೈವೇಟ್ ಅಂತ ಬದಲಿಸಿ.

ಹೆಸರು ಏನಿಡೋದು ಅಂತ ಬಂದಾಗ ಅಣ್ಣನ ಮಗಳು ‘ಚವದಾರ್’ ಅಂದ್ಳು. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ನೀರು ಮುಟ್ಟಿದ ಕೆರೆ. ಸಂಘದ ಸಭೆಯಲ್ಲಿ ನಾನು ವರ್ಷಕ್ಕೊಮ್ಮೆ ಮಾಡೋ ಭಾಷಣವನ್ನ ಮಗು ಕೇಳಿಸ್ಕೊಂಡಿದೆ ಅಂತ ಅವತ್ತೇ ಗೊತ್ತಾಗಿದ್ದು.

ಪಾಸ್‌ವರ್ಡ್ ಇಡಬೇಕಾ ಬೇಡವಾ ಅಂತ ದೊಡ್ಡ ಜಗಳವೇ ಆಯ್ತು. ಕೆರೆಗೆ ಬೀಗ ಹಾಕ್ತಾರಾ ಅಂತ ತಮ್ಮ. ಆದ್ರೆ ಅಣ್ಣನ ಮಗಳು ಕೇಳಿದ ಪ್ರಶ್ನೆ ಗಟ್ಟಿ ಇತ್ತು. “ಚಿಕ್ಕಪ್ಪ, ಅವ್ರ ಲ್ಯಾಪ್‌ಟಾಪಲ್ಲಿ ಅಕ್ಕಂದು ಫೋಟೋ ಎಲ್ಲ ಇರ್ತವೆ. ಯಾರಾನ ನೋಡಿದ್ರೆ?” ಹೆಣ್ಣುಮಕ್ಕಳ ಫೋಟೊ ವಿಷಯದಲ್ಲಿ ನಮ್ಮ ಕಡೆ ಏನೇನು ಆಗಿದೆ ಅಂತ ನಿಮಗೇ ಗೊತ್ತು. ಅದಕ್ಕೆ ಫೋಲ್ಡರ್ ಶೇರಿಂಗ್ ಬಿಟ್ಟುಬಿಟ್ವಿ. ಪ್ರತಿ ಯಂತ್ರದಲ್ಲಿ ‘ಪುಸ್ತಕ’ ಅಂತ ಒಂದೇ ಫೋಲ್ಡರ್ ಮಾಡಿ, ಪೈಥಾನ್ ಜೊತೆಗೇ ಬರೋ ಪುಟ್ಟ ವೆಬ್ ಸರ್ವರ್ ಅನ್ನ ಆ ಫೋಲ್ಡರಿನೊಳಗಿಂದ ಓಡಿಸಿದ್ವಿ. ಬೇರೆಯವರು ಬ್ರೌಸರಲ್ಲಿ 192.168.10.1:8000 ಅಂತ ಹೊಡೆದ್ರೆ ಆ ಫೋಲ್ಡರ್ ಪಟ್ಟಿ ಕಾಣುತ್ತೆ. ಇಳಿಸ್ಕೋಬಹುದು, ಅಳಿಸೋಕಾಗಲ್ಲ, ಬೇರೆ ಫೋಲ್ಡರ್ ತೆಗೆಯೋಕೂ ಆಗಲ್ಲ. ಹಂಗೆ ಮಾಡಿದ್ಮೇಲೆ ಪಾಸ್‌ವರ್ಡ್ ಇಡಲಿಲ್ಲ. ಆಧಾರ್, ಜಾತಿ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು, ಇವ್ಯಾವೂ ಆ ಫೋಲ್ಡರಿಗೆ ಬರಬಾರದು ಅಂತ ಕಟ್ಟುನಿಟ್ಟು. ನೀವು ಮಾಡೋದಾದ್ರೂ ಇದನ್ನ ಮೊದಲು ಇತ್ಯರ್ಥ ಮಾಡ್ಕೊಳ್ಳಿ.

ಮೂರು ಮನೆ ಒಂದೇ ಸಂಜೆ ಸೇರಿಕೊಂಡ್ವು. ಕಲ್ಲುಚಪ್ಪಡಿ ಗೋಡೆ ಸಿಗ್ನಲ್ಲನ್ನ ತಿಂದುಹಾಕುತ್ತೆ, ಜಿಂಕ್ ಶೀಟಂತೂ ದಾಟೋಕೇ ಬಿಡಲ್ಲ. ಕಿಟಕಿ ಪಕ್ಕ ಇಟ್ರೆ ಓಡುತ್ತೆ. ಒಂದು ಜಿಬಿ ಫೈಲಿಗೆ ಎಂಟು ಹತ್ತು ನಿಮಿಷ. ಕಷ್ಟ ಆಗಿದ್ದು ನಾಲ್ಕನೇ ಮನೆ. ಅದು ರಸ್ತೆ ಆಚೆ. ನಮ್ಮ ಮನೆಗೆ ಅದರ ಸಿಗ್ನಲ್ ಸಿಗಲ್ಲ, ತಮ್ಮನ ಮನೆಗೆ ಸಿಗುತ್ತೆ. ಬರೀ ಆಡ್ ಹಾಕ್‌ನಲ್ಲಿ ನಡುವಿನ ಯಂತ್ರ ತಾನಾಗೇ ದಾಟಿಸಿಕೊಡಲ್ಲ. ಅದಕ್ಕೆ ಬ್ಯಾಟ್‌ಮ್ಯಾನ್ ಅನ್ನೋ ತಂತ್ರಾಂಶ ಬೇಕು. ಬರ್ಲಿನ್ನಿನಲ್ಲಿ ‘ಫ್ರೈಫುಂಕ್’ ಅಂತ ಜನರೇ ಮನೆಮನೆಗೆ ರೇಡಿಯೊ ಕಟ್ಟಿಕೊಂಡ ಜಾಲ ಇದೆಯಲ್ಲ, ಅವರ ನಡುವೆ ಹುಟ್ಟಿದ್ದು ಇದು. 2011ರಿಂದ ಲಿನಕ್ಸಿನ ಒಳಗೇ ಸೇರಿದೆ. ಅದನ್ನ ಹಾಕಿದ್ರೆ ಪ್ರತಿ ಯಂತ್ರವೂ ಪಕ್ಕದವರ ಮಾತನ್ನ ಮುಂದಿನವರಿಗೆ ದಾಟಿಸುತ್ತೆ. ದಾಟಿಸಿದಾಗ ವೇಗ ಅರ್ಧ ಬೀಳುತ್ತೆ, ಒಂದೇ ಗಾಳಿಯಲ್ಲಿ ಕೇಳಿಸ್ಕೊಂಡು ಮತ್ತೆ ಹೇಳಬೇಕಲ್ಲ. ನಮಗೇನು ಅವಸರ.

ರಸ್ತೆ ಆಚೆ ಅಂದೆ. ಗೊತ್ತಿರೋರಿಗೆ ಅರ್ಥ ಆಗಿರುತ್ತೆ. ಈಚೆ ನಾವು ಎಡಗೈ, ಆಚೆ ಅವರು ಬಲಗೈ. ಮೇಲಿನವರ ಜಗುಲಿ ಬಗ್ಗೆ ಪುಟಗಟ್ಟಲೆ ಬರೆಯೋ ನಾವು ಈ ರಸ್ತೆ ಬಗ್ಗೆ ಬಾಯಿ ಬಿಡಲ್ಲ. ಹೆಣ್ಣು ಕೊಟ್ಟು ತರೋದಿರಲಿ, ಅಂಬೇಡ್ಕರ್ ಜಯಂತಿಗೆ ಎರಡು ಪೆಂಡಾಲ್ ಹಾಕಿದ ವರ್ಷಗಳಿವೆ. ಆ ಅಣ್ಣನ ಮನೆ ಸೇರಿಸೋಣ ಅಂದಾಗ ನಮ್ಮವರೇ ಇಬ್ಬರು, “ಅವ್ರಿಗ್ಯಾಕೆ, ಅವ್ರ ಲೀಡರ್ರು ಮಾಡ್ಕೊಡ್ಲಿ” ಅಂದಿದ್ದೂ ಉಂಟು. ನನ್ನ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಎದ್ದು ನಿಂತು, ಮಷಿನ್ನು ನನ್ನ ಮನೇಲಿರೋದು, ದಾಟೋದು ನನ್ನ ಮನೆ ಮೇಲಿಂದ, ಯಾರ್ದೇನ್ರೋ ಮಾತು ಅಂದ್ಳು. ಮುಗೀತು.

ಪುಸ್ತಕದ ಫೋಲ್ಡರಲ್ಲಿ ಏನಿತ್ತು? ಒಂದರಿಂದ ಹತ್ತರವರೆಗೆ ಪಠ್ಯಪುಸ್ತಕಗಳ ಪಿಡಿಎಫ್, ಮಾದರಿ ಪ್ರಶ್ನೆಪತ್ರಿಕೆಗಳು, ಚಂದನ ಟಿವಿಯಲ್ಲಿ ಬಂದ ಸಂವೇದ ಪಾಠಗಳು, ಕಿವಿಕ್ಸ್ ಅನ್ನೋ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯ, ಕನ್ನಡದಲ್ಲಿ ಸಂವಿಧಾನ, ಬಾಬಾಸಾಹೇಬರ ಬರಹಗಳು. ಇದನ್ನೆಲ್ಲ ತಮ್ಮ ಪಾವಗಡಕ್ಕೆ ಹೋದಾಗ ಗೆಳೆಯನ ಮನೆ ನೆಟ್ಟಲ್ಲಿ ಒಂದೇ ಸಲ ಇಳಿಸಿಕೊಂಡು ಬಂದ. ಒಂದು ಸಲ ಕೇರಿಯೊಳಗೆ ಬಂದ್ರೆ ಸಾಕು, ಆಮೇಲೆ ನಮ್ಮದೇ. ದಿನಕ್ಕೆ ಒಂದೂವರೆ ಜಿಬಿ ಮುಗೀತು ಅನ್ನೋದಿಲ್ಲ, ರೀಚಾರ್ಜ್ ಇಲ್ಲ. ಇದೆಲ್ಲ ಪೆನ್‌ಡ್ರೈವಲ್ಲಿ ಕೊಟ್ರೆ ಆಗಲ್ವಾ ಅಂತ ಕೇಳೋರಿದ್ದಾರೆ. ಆಗುತ್ತೆ. ಆದ್ರೆ ಮಕ್ಕಳು ಸಂಜೆ ಒಂದು ಮನೆಯಿಂದ ಇನ್ನೊಂದು ಮನೆಗೆ ಉತ್ತರ ಕಳಿಸಿ ತಿದ್ದಿಸಿಕೊಳ್ತಿದ್ರಲ್ಲ, ಅದು ಪೆನ್‌ಡ್ರೈವಲ್ಲಿ ಆಗಲ್ಲ. ಡಿಗ್ರಿ ಓದೋ ಹುಡುಗಿ ಅವಳ ಮನೇಲಿ ಕೂತೇ ಮೂರು ಮನೆಯ ಲೆಕ್ಕ ತಿದ್ದುತಿದ್ಲು.

2020ರ ಜೂನ್ 1ನೇ ತಾರೀಕು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 14 ವರ್ಷದ ಒಬ್ಬ ದಲಿತ ಬಾಲಕಿ ಜೀವ ಬಿಟ್ಟಳು. ಆನ್‌ಲೈನ್ ತರಗತಿ ಶುರುವಾದ ದಿನ ಅದು. ಮನೆಯ ಟಿವಿ ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ. ಅದಕ್ಕೂ ಎಂಟೂವರೆ ತಿಂಗಳು ಮೊದಲು, 2019ರ ಸೆಪ್ಟೆಂಬರಲ್ಲಿ, ಅದೇ ಕೇರಳದ ಹೈಕೋರ್ಟು ಇಂಟರ್ನೆಟ್ ಬಳಸೋದು ಶಿಕ್ಷಣದ ಹಕ್ಕಿನ ಭಾಗ ಅಂತ ಹೇಳಿತ್ತು. ತೀರ್ಪಿಗೂ ಆ ಮನೆಗೂ ನಡುವೆ ಎಷ್ಟು ದೂರ ಇತ್ತು ನೋಡಿ. ಅಣ್ಣನ ಮಗಳು ಜಗುಲಿಯಿಂದ ವಾಪಸ್ ಬಂದು ಮಾತಾಡದೆ ಮಲಗಿದ ರಾತ್ರಿ ನನ್ನ ತಲೇಲಿ ಓಡ್ತಿದ್ದದ್ದು ಆ ಸುದ್ದಿನೇ.

ಕೇರೀಲಿ ಏನೋ ಟವರ್ ಹಾಕಿದಾರಂತೆ ಅಂತ ಊರೊಳಗೆ ಗುಲ್ಲಾಯ್ತು. ಒಬ್ಬರು ಬಂದು ಲೈಸೆನ್ಸ್ ಇದೆಯೇನಪ್ಪ ಅಂತ ಕೇಳಿದ್ರು. ನಿಮಗೂ ಕೇಳ್ತಾರೆ, ಅದಕ್ಕೆ ಹೇಳ್ತಿದ್ದೀನಿ. ವೈಫೈ ಓಡೋ 2.4 ಗಿಗಾಹರ್ಟ್ಸ್ ತರಂಗವನ್ನ ಕೇಂದ್ರ ಸರ್ಕಾರ 2005ರ ಜನವರಿಯಲ್ಲೇ ಲೈಸೆನ್ಸಿನಿಂದ ಬಿಟ್ಟಿದೆ, ಹೊರಬೀಳೋ ಶಕ್ತಿ 4 ವ್ಯಾಟ್ ಮೀರಬಾರದು ಅಷ್ಟೇ. ನಮ್ಮ ಲ್ಯಾಪ್‌ಟಾಪಿನ ರೇಡಿಯೊ ಅದರಲ್ಲಿ ಹತ್ತನೇ ಒಂದು ಭಾಗವೂ ಇಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ಕೂಡ ಮನೆಯಾಚೆ ಬಳಸೋಕೆ ಬಿಟ್ಟರು. ಆ ಆದೇಶದ ಪ್ರಿಂಟ್ ತೆಗೆದು ಇಟ್ಕೊಂಡಿದ್ದೆ, ತೋರಿಸಿದೆ. ಓದದೇ ವಾಪಸ್ ಕೊಟ್ರು.

ಜಗುಲಿ ಮನೆ ಹುಡುಗನೂ ಒಂದಿನ ಬಂದ, ಪೆನ್‌ಡ್ರೈವ್ ಹಿಡ್ಕೊಂಡು. ಟಿಕ್ ಹಾಕೋ ಪೇಪರುಗಳು ಅವನಿಗೂ ಬೇಕಿದ್ವು. ಇವಳು ಎಲ್ಲ ಹಾಕಿಕೊಟ್ಲು. ಒಳಗೆ ಬಾರಪ್ಪ ಅಂದೆ. ಬಾಗಿಲಲ್ಲೇ ನಿಂತು ಇಸ್ಕೊಂಡು ಹೋದ.

ಇದೇನು ನಾವೇ ಮೊದಲು ಮಾಡಿದ್ದಲ್ಲ. ನಮ್ಮ ಜಿಲ್ಲೆಯಲ್ಲೇ, ದೇವರಾಯನದುರ್ಗದ ಬೆಟ್ಟದ ದುರ್ಗದಹಳ್ಳಿ ಕಡೆ, ಟಿ.ಬಿ. ದಿನೇಶ್ ಅವರ ‘ಜನಸ್ತು’ ಸಂಸ್ಥೆಯವರು ಹಳ್ಳಿಯವರದ್ದೇ ವೈಫೈ ಮೆಶ್ ಕಟ್ಟಿದ್ದಾರೆ. ‘ಕೌಮೆಶ್’ ಅಂತ ಹೆಸರು, ಸಮುದಾಯದ ಒಡೆತನದ ವೈಫೈ ಅಂತ ಅರ್ಥ. ಅದರ ಮೇಲೆ ‘ನಮ್ಮ ಹಳ್ಳಿ ರೇಡಿಯೊ’ ನಡೆಸ್ತಾರೆ. ಓದು ಬರಹ ಬಾರದ ಹೆಂಗಸರು ಕೂಡ ತಮ್ಮ ದನಿಯಲ್ಲೇ ಹೇಳಿ ಇಡಬಹುದು. ಅವರದ್ದು ರೂಟರುಗಳ ಜಾಲ, ನಮಗಿಂತ ಎಷ್ಟೋ ದೊಡ್ಡದು. ಹಿಮಾಚಲದ ಧರ್ಮಶಾಲೆಯಲ್ಲಿ 2005ರಿಂದಲೇ ಏರ್‌ಜಲ್ದಿಯವರು ಗುಡ್ಡದಿಂದ ಗುಡ್ಡಕ್ಕೆ ಇಂಥದ್ದು ಕಟ್ಟಿದ್ರು. ಕಲಿಯೋಕೆ ಬರ್ಲಿನ್‌ಗೇ ಹೋಗಬೇಕಿಲ್ಲ, ತುಮಕೂರಿನಿಂದ ಅರ್ಧ ಗಂಟೆ ಸಾಕು.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಇದನ್ನ ತೋರಿಸಿ, “ನೋಡಿ, ಕೇರಿಯವರು ಎಷ್ಟು ಜಾಣರು, ಇವರಿಗೆ ಕೇಬಲ್ಲೇ ಬೇಡ” ಅಂತ ಯಾರೂ ಜಾರಿಕೊಳ್ಳಬಾರದು. ನಮ್ಮ ತಾಲ್ಲೂಕಿನ ತಿರುಮಣಿಯಲ್ಲಿ 13,000 ಎಕರೆ ಮೇಲೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಜಮೀನು ಇದ್ದವರಿಗೆ ಎಕರೆ ಲೆಕ್ಕದಲ್ಲಿ ವರ್ಷ ವರ್ಷ ಗುತ್ತಿಗೆ ಹಣ ಬರುತ್ತೆ. ಆ ಜಮೀನಲ್ಲಿ ಕಡ್ಲೆಕಾಯಿ ಕೀಳೋಕೆ ಹೋಗ್ತಿದ್ದ ಭೂಮಿ ಇಲ್ಲದವರಿಗೆ, ಅಂದ್ರೆ ನಮ್ಮವರಿಗೆ, ಗುತ್ತಿಗೆ ಪತ್ರದಲ್ಲಿ ಹೆಸರೇ ಇಲ್ಲ. ತಂತಿ ತಲೆ ಮೇಲಿಂದ ಹಾದುಹೋಗುತ್ತೆ, ಅಷ್ಟೇ. ಇಂಟರ್ನೆಟ್ ಕೇಬಲ್ ಕೂಡ ಹಂಗೇ ಆಗಬಾರದು. ಕಂಬಕ್ಕಾಗಿ ಕೊಟ್ಟಿರೋ ಅರ್ಜಿ ಹಂಗೇ ಜೀವಂತ ಇದೆ. ನಾಲ್ಕು ಕಂಪ್ಯೂಟರಿನ ಜಾಲದಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕೋಕಾಗಲ್ಲ, ಸೀಟು ಹುಡುಕೋಕಾಗಲ್ಲ.

ಇವಳು ಪಾಸಾದ್ಲು. ಆ ವರ್ಷ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸೇ, ಅದು ಬೇರೆ ಮಾತು. ಈಗ ತುಮಕೂರಲ್ಲಿ ಡಿಗ್ರಿ ಓದ್ತಿದ್ದಾಳೆ, ರಜೆಗೆ ಬಂದಾಗ ಫೋಲ್ಡರಿಗೆ ಹೊಸ ಪುಸ್ತಕ ಸೇರಿಸ್ತಾಳೆ. ಚವದಾರ್‌ನಲ್ಲಿ ಈಗ ಆರು ಯಂತ್ರ ಇವೆ, ಎರಡು ರಸ್ತೆ ಆಚೆ.

ಬರೀ ಫೋನ್ ಇರೋರಿಗೆ: ಆಂಡ್ರಾಯ್ಡ್ ಫೋನಿಗೆ ಆಡ್ ಹಾಕ್ ಜಾಲ ಕಾಣಲ್ಲ. ಶೇರ್‌ಇಟ್ 2020ರಲ್ಲಿ ನಿಷೇಧ ಆಯ್ತು. ಆದ್ರೆ ಡೇಟಾ ಆಫ್ ಮಾಡಿ ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಉಳಿದವರು ಅದಕ್ಕೆ ಸೇರ್ಕೊಂಡ್ರೆ ಒಂದು ಪೈಸೆ ಖರ್ಚಿಲ್ಲದೆ ಫೈಲ್ ಹಂಚ್ಕೋಬಹುದು. ನಡುವೆ ಒಬ್ಬ ಯಜಮಾನ ಇದ್ದೇ ಇರ್ತಾನೆ, ಆದ್ರೆ ನಮ್ಮವನೇ.

ಮಧುಗಿರಿ, ಸಿರಾ, ಕೊರಟಗೆರೆ ಕಡೆಯಿಂದ ಯಾರಾದ್ರೂ ಮಾಡೋದಿದ್ರೆ ತಿಳಿಸಿ, ತಮ್ಮನೂ ನಾನೂ ಒಂದು ಭಾನುವಾರ ಬರ್ತೀವಿ. ಊಟ ಹಾಕಿ, ಸಾಕು. 8 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್ ಒಂದು ಇಟ್ಕೊಂಡಿರಿ. ಯುಎಸ್‌ಬಿ ಅಡಾಪ್ಟರ್ ತಗೊಳ್ಳೋ ಮುಂಚೆ ಫೋನ್ ಮಾಡಿ ಚಿಪ್ ಯಾವುದು ಅಂತ ಕೇಳಿ, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಿ.

ಜೈಭೀಮ್.